ಕಾರ್ಖಾನೆಯ ವಲಸೆ

ಕಳೆದ ತಿಂಗಳಿನ ಒಂದು ಸಾಯಂಕಾಲ, ಮಳೆ ಹೊಳವಾಗಿ ಅಂಗಳದ ನೀರು ಬಸಿಯುತ್ತಿದ್ದ ಹೊತ್ತಿನಲ್ಲಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಶಿರಾಲಿಯ ಕಡೆಯವನು. ಮೂವತ್ತು ವರ್ಷಗಳ ಹಿಂದೆ ನನ್ನ ತರಗತಿಯ ಕೊನೆಯ ಸಾಲಿನಲ್ಲಿ ಕುಳಿತು, ವಿಭಕ್ತಿಗಳ ಪಾಠ ನಡೆಯುತ್ತಿರುವಾಗಲೆಲ್ಲ ಕಿಟಕಿಯ ಹೊರಗಿನ ಕಡಲನ್ನೇ ನೋಡುತ್ತಿದ್ದವನು; ಈಗ ಅದೇ ಕಡಲಿನಲ್ಲಿ ಒಂದು ದೋಣಿಗೆ ಪಾಲುಗಾರನಾಗಿದ್ದಾನೆ. ಆದುದರಿಂದ ಅವನ ಆ ನೋಟವು ವ್ಯರ್ಥವಾಯಿತೆಂದು ನಾನು ಹೇಳಲಾರೆನು. ಅವನ ಹಿಂದೆ ಅವನ ಮಗಳು, ಮಗಳ ಕೈಹಿಡಿದು ಅವನ ವೃದ್ಧ ತಾಯಿ. ಮೂವರೂ ಜಗಲಿಯಲ್ಲಿ ಕುಳಿತು, ಕುಶಲಪ್ರಶ್ನೆಗಳು ಮುಗಿದು, ಬೆಲ್ಲ ನೀರು ಆದ ಮೇಲೆ, ಅವನು ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ನನ್ನ ಕೈಗಿತ್ತನು.

ಪಿ.ಯು.ಸಿ. ಮುಗಿಸಿದ ಆ ಹುಡುಗಿಗೆ ದೇವನಹಳ್ಳಿಯ ದಿಕ್ಕಿನ ಒಂದು ಕಾರ್ಖಾನೆಯಲ್ಲಿ ಕೆಲಸವಾಗಿತ್ತು. ಅಲ್ಲಿ ತಯಾರಾಗುವುದು ಮೊಬೈಲು ಫೋನು. ವಸತಿಗೃಹ, ಊಟ, ಬಸ್ಸು ಎಲ್ಲವೂ ಕಾರ್ಖಾನೆಯವರದೇ ಎಂದು ಕಾಗದದಲ್ಲಿ ಬರೆದಿತ್ತು.

“ಸಂತೋಷದ ಸುದ್ದಿಯಲ್ಲವೇನಯ್ಯ?” ಎಂದೆನು.

“ಸಂತೋಷವೇ ಮಾಸ್ತರೇ. ಆದರೆ ಒಂದು ಮಾತು ಕೇಳಬೇಕೆಂದು ಬಂದೆ. ಈ ಕಾರ್ಖಾನೆ ಮೊದಲು ಚೀನದಲ್ಲಿತ್ತಂತೆ. ಅಲ್ಲಿಂದ ಎದ್ದು ಇಲ್ಲಿಗೆ ಬಂದಿದೆಯಂತೆ. ಅವರನ್ನು ಬಿಟ್ಟು ಬಂದದ್ದು ನಾಳೆ ನಮ್ಮನ್ನು ಬಿಟ್ಟು ಹೋಗುವುದಿಲ್ಲವೆಂದು ಯಾವ ನಂಬಿಕೆ? ಮಗಳನ್ನು ಅಷ್ಟು ದೂರ ಕಳಿಸಿ, ನಾಲ್ಕು ವರ್ಷದ ಮೇಲೆ ಅವಳು ಬರಿಗೈಯಲ್ಲಿ ಹಿಂದೆ ಬಂದರೆ?”

ವಾಚಕರೇ, ಈ ಪ್ರಶ್ನೆಗೆ ಅಂದು ನಾನು ಕೂಡಲೆ ಉತ್ತರ ಕೊಡಲಿಲ್ಲ. ನಾಲ್ಕು ದಿನ ಬಿಟ್ಟು ಬಾ ಎಂದು ಕಳುಹಿಸಿದೆನು. ಆ ನಾಲ್ಕು ದಿನಗಳಲ್ಲಿ ನನಗೆ ತಿಳಿದಿದ್ದುದನ್ನೂ ಓದಿ ತಿಳಿದುದನ್ನೂ ಒಟ್ಟುಗೂಡಿಸಿ ನೋಡಿದೆನು. ಇಂಥ ಕಾಗದವು ಇಂದು ನಮ್ಮ ಜಿಲ್ಲೆಯ ಅನೇಕ ಮನೆಗಳ ಜಗಲಿಗೆ ಬರುತ್ತಿರುವುದರಿಂದ, ಅವನಿಗೆ ಹೇಳಿದುದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುವುದು ಅನುಚಿತವಾಗದೆಂದು ಭಾವಿಸುತ್ತೇನೆ.

ಸಿರಿವಂತ ದೇಶವೊಂದು ತನಗೆ ಬೇಕಾದ ಪದಾರ್ಥವನ್ನು ತನ್ನಲ್ಲಿ ಮಾಡಿಸದೆ, ಕೂಲಿ ಅಗ್ಗವಾಗಿರುವ ಪರದೇಶದಲ್ಲಿ ಮಾಡಿಸುವುದು ಹೊಸದಲ್ಲ. ಕೆಲಕಾಲದ ಮೇಲೆ ಆ ಪರದೇಶದಲ್ಲಿಯೂ ಕೂಲಿ ಏರುತ್ತದೆ. ಅಥವಾ ಎರಡು ಸರಕಾರಗಳಿಗೆ ಮನಸ್ತಾಪವಾಗಿ ಸುಂಕ ಏರುತ್ತದೆ. ಅಥವಾ ರೋಗವೋ ಯುದ್ಧವೋ ಬಂದು ಹಡಗು ನಿಲ್ಲುತ್ತದೆ. ಆಗ ಯಜಮಾನನು ಎಲ್ಲವನ್ನೂ ಮುಚ್ಚಿ ತನ್ನ ದೇಶಕ್ಕೆ ಮರಳುವನೆಂದು ತಿಳಿಯಬಾರದು. ಅವನು ಪಕ್ಕದ ದೇಶವನ್ನು ನೋಡುತ್ತಾನೆ. ಮೆಕ್ಸಿಕೋ ದೇಶವು 1965ರಲ್ಲಿ ಅಮೇರಿಕೆಯ ಗಡಿಯುದ್ದಕ್ಕೂ ಇಂಥ ಕಾರ್ಖಾನೆಗಳಿಗೆ ಎಡೆಮಾಡಿಕೊಟ್ಟಿತು. ಬಿಡಿಭಾಗಗಳು ಸುಂಕವಿಲ್ಲದೆ ಅಲ್ಲಿಗೆ ಹೋಗುವುವು, ಜೋಡಣೆಯಾಗಿ ಹಿಂದಕ್ಕೆ ಬರುವುವು. ಚೀನವು 2001ರಲ್ಲಿ ವಿಶ್ವವಾಣಿಜ್ಯಸಂಸ್ಥೆಯನ್ನು ಸೇರಿದ ಮೇಲೆ ಅವುಗಳಲ್ಲಿ ಅನೇಕವು ಚೀನಕ್ಕೆ ಹೊರಟುಹೋದುವು. ಅನಂತರ ಗಾಳಿ ತಿರುಗಿತು. 2023ರಲ್ಲಿ ಅಮೇರಿಕೆಗೆ ಸರಕನ್ನು ಮಾರುವ ದೇಶಗಳಲ್ಲಿ ಮೆಕ್ಸಿಕೋ ಚೀನವನ್ನು ಹಿಂದೆ ಹಾಕಿತು. ಕೊರಿಯಾದ ಸ್ಯಾಮ್‌ಸಂಗ್ ಸಂಸ್ಥೆಯು ಚೀನದ ನೆರೆಯ ವಿಯೆಟ್ನಾಮಿನಲ್ಲಿ ಮೊದಲೇ ಕಾರ್ಖಾನೆಗಳನ್ನು ಕಟ್ಟಿಕೊಂಡಿದ್ದು, 2019ರಲ್ಲಿ ಚೀನದಲ್ಲಿದ್ದ ತನ್ನ ಕಡೆಯ ಫೋನು ಕಾರ್ಖಾನೆಗೆ ಬೀಗ ಹಾಕಿತು.

ನಾವೂ ಚೀನಕ್ಕೆ ನೆರೆಯವರೇ ಅಲ್ಲವೆ? ಹಿಮಾಲಯವು ನಡುವೆ ನಿಂತಿರುವುದರಿಂದ ನಮಗೆ ಅದು ಮರೆತಿರುತ್ತದೆ. ಅಮೇರಿಕೆಯ ಆಪಲ್ ಸಂಸ್ಥೆಯ ಫೋನುಗಳು 2017ರಲ್ಲಿ ಬೆಂಗಳೂರಿನಲ್ಲಿ ಮೊದಲು ಜೋಡಣೆಯಾದುವು. ಜೋಡಿಸಿದವರು ತೈವಾನಿನ ವಿಸ್ಟ್ರಾನ್ ಎಂಬ ಸಂಸ್ಥೆಯವರು. ಅವರೇ ಅನಂತರ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ದೊಡ್ಡ ಕಾರ್ಖಾನೆಯನ್ನು ಕಟ್ಟಿದರು. 2023ರಲ್ಲಿ ಅದನ್ನು ನಮ್ಮ ದೇಶದ ಟಾಟಾ ಸಂಸ್ಥೆಯವರು ಕೊಂಡರು. ತೈವಾನಿನದೇ ಆದ ಫಾಕ್ಸ್‌ಕಾನ್ ಸಂಸ್ಥೆಯು ದೇವನಹಳ್ಳಿಯ ಬಳಿ ಸುಮಾರು 300 ಎಕರೆ ನೆಲವನ್ನು ಕೊಂಡು 2025ರಲ್ಲಿ ಕೆಲಸವನ್ನು ಆರಂಭಿಸಿತು. ಅಲ್ಲಿಯ ಕೆಲಸಗಾರರಲ್ಲಿ ಬಹುಪಾಲು ಇಪ್ಪತ್ತರ ಆಸುಪಾಸಿನ ಹೆಣ್ಣುಮಕ್ಕಳು. ಭಟ್ಕಳದ ಗಂಡಸರು ಕೆಲಸವನ್ನು ಹುಡುಕಿಕೊಂಡು ಒಂದು ಕಾಲದಲ್ಲಿ ಕೊಲಂಬೋ, ಮದರಾಸುಗಳಿಗೂ, ಈಚೆಗೆ ದುಬಾಯಿಗೂ ಹೋದುದನ್ನು ಕಂಡವರು ನಾವು. ಕೆಲಸವೇ ಕಡಲು ದಾಟಿ ಹೆಂಗಸರನ್ನು ಹುಡುಕಿಕೊಂಡು ಬರುವುದು ನಮ್ಮ ಕಣ್ಣಿಗೆ ಹೊಸದಾಗಿ ತೋರುತ್ತದೆ.

ಹೊಸದಾಗಿ ತೋರುತ್ತದೆ, ಅಷ್ಟೆ. ವಾಸ್ತವವಾಗಿ ನಮ್ಮ ಈ ಕರಾವಳಿಯು ಇದನ್ನು ಎರಡು ಸಲ ಕಂಡಿದೆ. ನಾಲ್ಕು ದಿನಗಳ ಮೇಲೆ ಆ ಸಂಸಾರವು ಮರಳಿ ಬಂದಾಗ ನಾನು ಮೊದಲು ಹೇಳಿದ್ದು ಕುಮಟೆಯ ಕತೆಯನ್ನು.

ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಆದರೂ ಲಿವರ್ಪೂಲಿನ ಪೇಟೆಯಲ್ಲಿ ಒಂದು ಬಗೆಯ ಹತ್ತಿಗೆ ಕುಮಟೆಯ ಹೆಸರೇ ನಡೆಯುತ್ತಿತ್ತು; ಅವರ ನಾಲಗೆಯಲ್ಲಿ ಅದು ‘ಕೊಂಪ್ಟಾ’ ಆಗಿತ್ತು. ಹತ್ತಿ ಧಾರವಾಡದ ಎರೆನೆಲದ್ದು. ಎತ್ತುಗಳ ಬೆನ್ನಿನ ಮೇಲೂ, ರಸ್ತೆಯಾದ ಮೇಲೆ ಬಂಡಿಗಳಲ್ಲಿಯೂ ಅದು ಶಿರಸಿಯನ್ನು ಹಾದು, ದೇವಿಮನೆ ಘಟ್ಟವನ್ನು ಇಳಿದು, ಕುಮಟೆಯ ಬಂದರಿಗೆ ಬರುತ್ತಿತ್ತು. ಅಲ್ಲಿ ಪತ್ತೇಮಾರಿಗಳಿಗೇರಿ ಮುಂಬಯಿಗೆ, ಮುಂಬಯಿಯಿಂದ ಲ್ಯಾಂಕಶೈರಿನ ಗಿರಣಿಗಳಿಗೆ. ನಮ್ಮ ಅಜ್ಜಂದಿರ ಅಜ್ಜಂದಿರು ಉಟ್ಟ ಪರದೇಶದ ಪಂಚೆಯಲ್ಲಿ ಧಾರವಾಡದ ಹತ್ತಿಯೇ ಇದ್ದಿದ್ದರೂ ಇರಬಹುದು. ಅದು ಹತ್ತು ಸಾವಿರ ಮೈಲು ತಿರುಗಿ ಬಂದಿತ್ತು, ಅಷ್ಟೆ.

1861ರಲ್ಲಿ ಅಮೇರಿಕೆಯಲ್ಲಿ ಅಂತಃಕಲಹವು ಹುಟ್ಟಿ, ಅಲ್ಲಿಯ ತೆಂಕಣ ಪ್ರಾಂತಗಳ ಹತ್ತಿ ನಿಂತುಹೋಯಿತು. ಲ್ಯಾಂಕಶೈರಿನ ಗಿರಣಿಗಳು ಹಸಿದುವು. ಆಗ ಆಂಗ್ಲ ವರ್ತಕರ ದೃಷ್ಟಿಯೆಲ್ಲ ನಮ್ಮ ಕಡೆಗೆ ತಿರುಗಿತು. ಹತ್ತಿಯ ಬೆಲೆ ಮುಗಿಲಿಗೇರಿತು. ಮದರಾಸಿನ ಆಡಳಿತದಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿಯ ಆಡಳಿತಕ್ಕೆ ಸೇರಿಸಿದರು. ಕಾರವಾರದ ಬಂದರನ್ನು ಹತ್ತಿಯ ಸಾಗಣೆಗಾಗಿ ಬೆಳೆಯಿಸಬೇಕೆಂಬ ವರ್ತಕರ ಒತ್ತಾಯವು ಇದಕ್ಕೆ ಒಂದು ಕಾರಣ. ನಮ್ಮ ಜಿಲ್ಲೆಯು ಯಾವ ಪ್ರಾಂತಕ್ಕೆ ಸೇರಬೇಕೆಂಬುದನ್ನು ಸಹ ಸಾವಿರಾರು ಮೈಲುಗಳಾಚೆಯ ನೂಲಿನ ಗಿರಣಿಯು ನಿರ್ಣಯಿಸಿತೆಂದರೆ, ವಾಣಿಜ್ಯವೆಂಬುದು ಎಷ್ಟು ಉದ್ದನೆಯ ಕೈಯುಳ್ಳದ್ದು ನೋಡಿ!

1865ರಲ್ಲಿ ಆ ಯುದ್ಧವು ಮುಗಿಯಿತು. ಅಮೇರಿಕೆಯ ಹತ್ತಿ ಮರಳಿ ಬಂದಿತು. ಬೆಲೆ ಬಿದ್ದಿತು, ಮುಂಬಯಿಯಲ್ಲಿ ಮನೆತನಗಳು ದಿವಾಳಿಯಾದುವು. ಕುಮಟೆಯ ವ್ಯಾಪಾರವು ಅಷ್ಟಕ್ಕೇ ನಿಲ್ಲದೆ ಇನ್ನೂ ಇಪ್ಪತ್ತು ವರ್ಷ ನಡೆಯಿತು. ಅದನ್ನು ಕೊನೆಗಾಣಿಸಿದ್ದು ನೆರೆಯ ದೇಶ. ಗೋವೆಯು ಆಗ ಪೋರ್ತುಗಾಲದ ಆಳಿಕೆಯಲ್ಲಿತ್ತು, 1961ರವರೆಗೂ ಹಾಗೆಯೇ ಇತ್ತು, ಎಂಬುದನ್ನು ಇಂದಿನ ಮಕ್ಕಳು ಮರೆಯುತ್ತಾರೆ. ಆ ಪರರಾಜ್ಯದ ಮುರಗಾವಿಯಲ್ಲಿ ಬಂದರು ಕಟ್ಟಿ, ಅಲ್ಲಿಂದ ಕ್ಯಾಸಲ್‌ರಾಕಿನ ಮೇಲೆ ಹುಬ್ಬಳ್ಳಿಯ ಕಡೆಗೆ 1880ರ ದಶಕದ ಕೊನೆಗೆ ರೈಲುಹಾದಿಯನ್ನು ಹಾಸಿದರು. ಹತ್ತಿಯ ಅಂಡಿಗೆಗಳು ದೇವಿಮನೆ ಘಟ್ಟವನ್ನು ಮರೆತು ರೈಲನ್ನೇರಿದುವು. ಮಳೆಗಾಲದಲ್ಲಿ ಮುಚ್ಚುವ, ದೊಡ್ಡ ಹಡಗು ದಡಕ್ಕೆ ಬರಲಾಗದ ಕುಮಟೆಯ ಬಂದರಿನಲ್ಲಿ ಮತ್ತೆ ಅಂಥ ಸಂದಣಿ ಕಾಣಲಿಲ್ಲ.

ಏತಕ್ಕೆ ಹೀಗಾಯಿತು? ಬೆಳೆದವನು ಧಾರವಾಡದವನು, ನೂತವನು ಲ್ಯಾಂಕಶೈರಿನವನು, ಕುಮಟೆಯು ನಡುವಣ ಕಟ್ಟೆ ಮಾತ್ರವಾಗಿತ್ತು. ಮೂಟೆಯನ್ನು ಇಳಿಸಿ ಏರಿಸಿದ ಕೂಲಿಯು ಊರಿಗೆ ದೊರೆಯಿತು, ಆದರೆ ನೂಲುವ ವಿದ್ಯೆ ಊರಿಗೆ ಬರಲಿಲ್ಲ. ಹೆಸರು ಮಾತ್ರ ಉಳಿಯಿತು, ಅದೂ ಪರದೇಶದ ಪಟ್ಟಿಯೊಳಗೆ, ಅಪಭ್ರಂಶವಾಗಿ.

ಇಷ್ಟನ್ನು ಕೇಳಿ ನನ್ನ ಶಿಷ್ಯನ ಮುಖವು ಇನ್ನಷ್ಟು ಬಾಡಿತು. ಅವನು ಧೈರ್ಯವನ್ನು ಬಯಸಿ ಬಂದಿದ್ದನು. ನಾನು ಇತಿಹಾಸವನ್ನು ಬಡಿಸಿದೆನು. ಮಾಸ್ತರಿಕೆಯ ಚಾಳಿ ನಿವೃತ್ತಿಯಾದ ಮೇಲೂ ಬಿಡುವುದಿಲ್ಲ. ಆಗ ಅವನ ತಾಯಿ, ಅದುವರೆಗೆ ಸೆರಗಿನ ತುದಿಯನ್ನು ಹಿಡಿದು ಸುಮ್ಮನೆ ಕುಳಿತಿದ್ದವಳು, ತನ್ನ ಎರಡು ಕೈಗಳನ್ನೂ ಮುಂದಕ್ಕೆ ಚಾಚಿ, “ಹತ್ತಿ ನನಗೆ ತಿಳಿಯದು ಮಾಸ್ತರೇ. ಗೇರುಬೀಜ ಕೇಳಿ, ಹೇಳುತ್ತೇನೆ” ಎಂದಳು.

ಆ ಬೆರಳುಗಳನ್ನು ನಾನು ಮರೆಯಲಾರೆನು. ಕಾರ್ಖಾನೆಯನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದರೂ ತುದಿಗಳಲ್ಲಿ ಚರ್ಮವು ದಪ್ಪಗಟ್ಟಿ ಕಪ್ಪಾಗಿಯೇ ಇತ್ತು. ಗೇರುಬೀಜದ ಸಿಪ್ಪೆಯೊಳಗೆ ಸುಡುವ ಎಣ್ಣೆಯಿದೆ. ಅದು ತಾಗಿದ ಕಡೆ ಚರ್ಮ ಬೊಬ್ಬೆಯೇಳುತ್ತದೆ. ಗೇರು ಗುಡ್ಡದಲ್ಲಿ ಬೀಜವನ್ನು ತರಗೆಲೆಯಲ್ಲಿ ಸುಟ್ಟು ತಿಂದ ಬಾಲ್ಯ ಯಾರಿಗುಂಟೋ ಅವರಿಗೆಲ್ಲ ತುಟಿಯ ಮೇಲಿನ ಆ ಉರಿಯ ನೆನಪೂ ಉಂಟು. ಕುಮಟೆಯ ಕಡೆಯ ಒಂದು ಕಾರ್ಖಾನೆಯಲ್ಲಿ ಆಕೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿದ್ದಳು. ಹುರಿದ ಬೀಜವನ್ನು ಕೊಡತಿಯಿಂದ ಒಡೆಯುವುದು, ಕೈಗೆ ಬೂದಿಯನ್ನೋ ಎಣ್ಣೆಯನ್ನೋ ಬಳಿದುಕೊಳ್ಳುವುದು, ತಿರುಳನ್ನು ಬೋರ್ಮಾ ಎಂಬ ಒಲೆಗೂಡಿನಲ್ಲಿ ಒಣಗಿಸಿದ ಮೇಲೆ ಸಣ್ಣ ಚೂರಿಯಿಂದ ಅದರ ಕೆಂಪು ಹೊಟ್ಟನ್ನು ತೆಗೆಯುವುದು, ಕಡೆಗೆ ಇಡಿಯದು ಬೇರೆ, ಹೋಳು ಬೇರೆ, ಚೂರು ಬೇರೆ ಎಂದು ಆರಿಸುವುದು. ಒಂದು ಪೌಂಡಿಗೆ 180 ತೂಗುವ ದೊಡ್ಡ ಬೀಜವು ಮೇಲುದರ್ಜೆಯದು. ಸಾಮಾನ್ಯವಾಗಿ ಪೇಟೆಯಲ್ಲಿ ನಡೆಯುವುದು 320ರದು. ಕೂಲಿಯು ತೂಕದ ಮೇಲೆ. ತಿರುಳು ಮುರಿದರೆ ಬೆಲೆಯೂ ಮುರಿಯಿತು. ಆದುದರಿಂದ ಬಡಿಯುವ ಕೈಗೆ ಬಲವೂ ಬೇಕು, ಕರುಣೆಯೂ ಬೇಕು. ಇದನ್ನು ಕೂಲಿಯೆಂದು ಕರೆಯುತ್ತೇವೆ. ನನಗೆ ಇದು ಕಲೆಯಾಗಿ ತೋರಿತು.

“ಊರಿನ ಬೀಜ ಚೈತ್ರ ವೈಶಾಖದಲ್ಲಿ ಬರುತ್ತಿತ್ತು. ಅದು ಮುಗಿದ ಮೇಲೆ ಹಡಗಿನ ಬೀಜ. ಚೀಲದ ಮೇಲೆ ಯಾವುದೋ ಭಾಷೆಯ ಅಕ್ಷರ” ಎಂದಳು.

ಆ ಚೀಲಗಳು ಆಫ್ರಿಕದಿಂದ ಬಂದುವು. ಗೇರಿನ ಗಿಡವನ್ನು ಬ್ರೆಜಿಲಿನಿಂದ ನಮ್ಮ ಕರಾವಳಿಗೂ ಆಫ್ರಿಕದ ಮೂಡಣ ಕರಾವಳಿಗೂ ತಂದವರು ಪೋರ್ತುಗೀಜರೇ. ಬೀಜವನ್ನು ಕೈಯಿಂದ ಒಡೆದು ಪರದೇಶಕ್ಕೆ ಕಳುಹಿಸುವ ಉದ್ಯಮವು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕೊಲ್ಲಮಿನಲ್ಲಿಯೂ ಮಂಗಳೂರಿನಲ್ಲಿಯೂ ಬೇರೂರಿತು. ನಮ್ಮ ಗುಡ್ಡಗಳ ಬೆಳೆಯು ಕಾರ್ಖಾನೆಗೆ ವರ್ಷಪೂರ್ತಿ ಸಾಲದು. ಆದುದರಿಂದ ಮೊಜಾಂಬಿಕಿನಿಂದಲೂ ಟಾಂಜಾನಿಯಾದಿಂದಲೂ ಬೀಜವನ್ನು ತರಿಸಿ, ಇಲ್ಲಿಯ ಹೆಂಗಸರ ಕೈಯಲ್ಲಿ ಸುಲಿಸಿ, ಇಪ್ಪತ್ತೈದು ಪೌಂಡಿನ ಡಬ್ಬಗಳಲ್ಲಿ ಅಮೇರಿಕೆಗೆ ಕಳುಹಿಸುತ್ತಿದ್ದರು. ಮೊಜಾಂಬಿಕು ಕಡಲಾಚೆಯ ನಮ್ಮ ನೆರೆ. ಅಲ್ಲಿಯವರು ಸುಮ್ಮನಿರಲಿಲ್ಲ. ತಮ್ಮ ಬೀಜವನ್ನು ತಾವೇ ಒಡೆಯಬೇಕೆಂದು ದೊಡ್ಡ ಯಂತ್ರಗಳ ಕಾರ್ಖಾನೆಗಳನ್ನು ಕಟ್ಟಿದರು. 1970ರ ದಶಕದ ಆರಂಭದಲ್ಲಿ ಗೇರಿನ ಬೆಳೆಯಲ್ಲಿ ಆ ದೇಶವು ಲೋಕಕ್ಕೇ ಮೊದಲನೆಯದಾಗಿತ್ತು. 1975ರಲ್ಲಿ ಸ್ವಾತಂತ್ರ್ಯ ಬಂದಿತು. ಹಿಂದೆಯೇ 1992ರವರೆಗೆ ಒಳಯುದ್ಧ. ತೋಟಗಳು ಹಾಳಾದುವು. ಹಸಿಬೀಜವನ್ನು ಹೊರಗೆ ಮಾರಕೂಡದೆಂದು ಹಾಕಿದ್ದ ಕಟ್ಟುಗಳನ್ನು 1990ರ ದಶಕದಲ್ಲಿ, ಸಾಲ ಕೊಡುವ ವಿಶ್ವಬ್ಯಾಂಕಿನ ಒತ್ತಾಯದ ಮೇರೆಗೆ, ಅವರು ಸಡಿಲಿಸಬೇಕಾಯಿತು. ಬೆಳೆಗಾರನಿಗೆ ಒಳ್ಳೆಯ ಬೆಲೆ ಸಿಕ್ಕುವುದೆಂಬುದು ಅದರ ಸಮರ್ಥನೆ. ಬೆಳೆಗಾರನಿಗೆ ಸಿಕ್ಕಿದ್ದು ಅತ್ಯಲ್ಪ. ಬೀಜವು ಹಡಗನ್ನೇರಿ ನಮ್ಮ ಕಡೆಗೆ ಬಂದಿತು. ಅಲ್ಲಿಯ ಕಾರ್ಖಾನೆಗಳು ಮುಚ್ಚಿದುವು, ಸುಮಾರು 10,000 ಕೆಲಸಗಾರರಲ್ಲಿ ಬಹುಪಾಲು ಮಂದಿ ಮನೆಗೆ ಹೋದರು.

ಇದನ್ನು ನಾನು ಹೇಳಿ ಮುಗಿಸಿದಾಗ ಆ ವೃದ್ಧೆ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅನಂತರ, “ಅಲ್ಲಿಯೂ ಹೆಂಗಸರು ಸುಲಿಯುತ್ತಿದ್ದರೋ?” ಎಂದು ಕೇಳಿದಳು.

“ಹೌದಮ್ಮ, ಹೆಂಗಸರೂ ಬಹಳ ಮಂದಿ.”

“ಹಾಗಾದರೆ ಆ ವರ್ಷಗಳಲ್ಲಿ ನಾವು ಉಂಡದ್ದು ಅವರ ಅನ್ನವೇ?”

ಇಷ್ಟು ವರ್ಷ ಪಾಠ ಹೇಳಿದ ನನಗೆ ಇಂಥ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಪೂರ್ತಿ ಹಾಗಲ್ಲ, ಅಲ್ಲಿಯ ಯಂತ್ರಗಳು ಹಳೆಯವು, ಯುದ್ಧವು ಅರ್ಧ ಕೆಲಸವನ್ನು ಮೊದಲೇ ಕೆಡಿಸಿತ್ತು, ಆಮೇಲೆ ನಾಂಪುಲಾ ಎಂಬ ಪ್ರಾಂತದಲ್ಲಿ ಚಿಕ್ಕ ಕಾರ್ಖಾನೆಗಳು ಮತ್ತೆ ತೆರೆದುವು, ಎಂದು ನಾನು ಸಮಾಧಾನ ಹೇಳಿದೆನು. ಮಾತು ಸುಳ್ಳಲ್ಲ, ಆದರೆ ಉತ್ತರವೂ ಅಲ್ಲ. ಕಾರ್ಖಾನೆ ನಮ್ಮಲ್ಲಿಗೆ ಬಂದಾಗ ಅದನ್ನು ಭಾಗ್ಯವೆಂದೂ, ನಮ್ಮನ್ನು ಬಿಟ್ಟು ಹೋದಾಗ ಅದನ್ನು ಅನ್ಯಾಯವೆಂದೂ ಕರೆಯುವುದು ಮನುಷ್ಯಸ್ವಭಾವ. ಎರಡೂ ಒಂದೇ ಹಡಗಿನ ಹೋಗುವಿಕೆ ಬರುವಿಕೆ.

ಆ ಹಡಗು ನಮ್ಮಲ್ಲಿಯೂ ನಿಲ್ಲಲಿಲ್ಲ. ಕೈಯಿಂದ ಒಡೆಯುವುದರ ಬದಲಿಗೆ ಯಂತ್ರಗಳನ್ನು ಚುರುಕಾಗಿ ಹೂಡಿದ ವಿಯೆಟ್ನಾಮು 2006ರಲ್ಲಿ ತಿರುಳಿನ ರಫ್ತಿನಲ್ಲಿ ನಮ್ಮನ್ನು ಮೀರಿಸಿತು. ಅದು ತನ್ನ ನೆರೆಯ ಕಾಂಬೋಡಿಯದ ಬೀಜವನ್ನೂ ಆಫ್ರಿಕದ ಬೀಜವನ್ನೂ ತರಿಸಿ ಸುಲಿಯುತ್ತದೆ. ಕೊಲ್ಲಮಿನ ಕಾರ್ಖಾನೆಗಳು ಕೂಲಿಯ ದರವನ್ನು ತಾಳಲಾರದೆ ಕೆಲವು ಮುಚ್ಚಿದುವು, ಕೆಲವು ಗಡಿ ದಾಟಿ ಕನ್ಯಾಕುಮಾರಿ ಜಿಲ್ಲೆಗೆ ಹೋದುವು. ಈಗ ಆಫ್ರಿಕದವರು ಮತ್ತೆ ಎದ್ದಿದ್ದಾರೆ. ಬೆನಿನ್ ಎಂಬ ಚಿಕ್ಕ ದೇಶವು 2024ರ ಏಪ್ರಿಲಿನಿಂದ ಹಸಿಬೀಜದ ರಫ್ತನ್ನು ನಿಷೇಧಿಸಿತು. ಬೆಳೆದ ನೆಲದಲ್ಲೇ ಒಡೆಯಲಿ ಎಂಬುದು ಅವರ ಹಟ. ಅದನ್ನು ಸುಲಭವಾಗಿ ತಪ್ಪೆನ್ನಲು ನನಗೆ ಬಾಯಿ ಬಾರದು.

ಹೀಗಿದ್ದರೂ ನಮ್ಮ ಕರಾವಳಿಯಲ್ಲಿ ಗೇರುಬೀಜದ ಕೆಲಸವು ಹತ್ತಿಯ ಹಾಗೆ ನಿರ್ನಾಮವಾಗಲಿಲ್ಲವಷ್ಟೆ? ಕುಮಟೆಯಲ್ಲಿ, ಕುಂದಾಪುರ ಕಾರ್ಕಳಗಳ ಕಡೆಯಲ್ಲಿ, ಕಾರ್ಖಾನೆಗಳು ಇಂದಿಗೂ ಹೊಗೆಯಾಡುತ್ತಿವೆ. ಇದಕ್ಕೆ ಕಾರಣವನ್ನು ಗೃಹಿಣಿಯರು ತಮ್ಮ ಅಡಿಗೆಮನೆಯ ಡಬ್ಬಿಯಲ್ಲಿಯೇ ಕಾಣಬಹುದು. ಒಂದು ಕಾಲದಲ್ಲಿ ಗೋಡಂಬಿಯು ಅಮೇರಿಕೆಯವರ ತಿನಿಸಾಗಿತ್ತು. ನಮಗೆ ಮದುವೆಯ ಪಾಯಸದಲ್ಲಿ ನಾಲ್ಕು ಹೋಳು ತೇಲಿದರೆ ಅದೇ ವೈಭವ. ಇಂದು ಲೋಕದಲ್ಲಿ ಅತ್ಯಧಿಕವಾಗಿ ಗೋಡಂಬಿಯನ್ನು ತಿನ್ನುವವರು ನಾವೇ. ಕೊಳ್ಳುವವನು ಮನೆಯಲ್ಲಿರುವಾಗ ಕಾರ್ಖಾನೆಯು ಅಷ್ಟು ಸುಲಭವಾಗಿ ಓಡಿಹೋಗಲಾರದು. ಮತ್ತು ಗಿಡವೂ ಇಲ್ಲಿಯೇ ಇದೆ. 1978ರಲ್ಲಿ ಗೇರು ಅಭಿವೃದ್ಧಿ ನಿಗಮವು ಸ್ಥಾಪಿತವಾಯಿತು. 1986ರಲ್ಲಿ ಪುತ್ತೂರಿನಲ್ಲಿ ಗೇರಿನ ಸಂಶೋಧನಕೇಂದ್ರವು ಹುಟ್ಟಿತು. ಉಳ್ಳಾಲ ಒಂದು, ವೆಂಗುರ್ಲಾ ನಾಲ್ಕು ಎಂಬ ಕಸಿಗಿಡಗಳ ಹೆಸರು ನಮ್ಮ ರೈತರ ಬಾಯಲ್ಲಿದೆ. ಮೂರನೆಯದು, ನನ್ನ ಎದುರಿಗೆ ಚಾಚಿದ್ದ ಆ ಕಪ್ಪು ಬೆರಳುಗಳು: ಮುರಿಯದೆ ಒಡೆಯುವ ವಿದ್ಯೆ ಅವುಗಳಲ್ಲಿತ್ತು.

ಈಗ ಫೋನಿನ ಕಾರ್ಖಾನೆಯನ್ನು ಈ ಒರೆಗಲ್ಲಿಗೆ ಹಚ್ಚಿ ನೋಡೋಣ. ಅದರ ಬಿಡಿಭಾಗಗಳಲ್ಲಿ ಬೆಲೆಯುಳ್ಳವು ಬಹುತೇಕ ಹೊರಗಿನಿಂದಲೇ ಬರುತ್ತವೆ. ಸಿದ್ಧವಾದ ಫೋನುಗಳು ಬಹುವಾಗಿ ಕಡಲಾಚೆಗೆ ಹೋಗುತ್ತವೆ. ಅದನ್ನು ಇತ್ತ ನೂಕಿದ ಬಲಗಳಲ್ಲಿ ಅಮೇರಿಕೆ ಚೀನಗಳ ಸುಂಕದ ಜಗಳವೂ ಒಂದು. 2025ರಲ್ಲಿ ಆ ಸುಂಕಗಳು ಮಾಘದ ಮಂಜಿನಂತೆ ಏರಿದುವು, ಇಳಿದುವು, ನಮ್ಮ ಮೇಲೂ ಬಿದ್ದುವು. ಹಾಗಾದರೆ ಇದು ಗೇರಿನ ಕಾರ್ಖಾನೆಗಿಂತ ಕುಮಟೆಯ ಬಂದರಿಗೆ ಹತ್ತಿರವಾದ ವಸ್ತು; ಬರುವ ಮೂಟೆ, ಹೋಗುವ ಮೂಟೆ, ನಡುವೆ ನಮ್ಮ ಕೈ. ನನ್ನ ಶಿಷ್ಯನ ಭಯವು ಬರಿಯ ಭಯವಲ್ಲ. ಇದನ್ನು ನಾನು ಅವನಿಗೆ ಮುಚ್ಚುಮರೆಯಿಲ್ಲದೆ ಹೇಳಿದೆನು.

ಆದರೆ ಇನ್ನೊಂದು ನೆರೆಯ ದೇಶದ ಕತೆಯನ್ನೂ ಹೇಳಿದೆನು. ಬಾಂಗ್ಲಾದೇಶದಲ್ಲಿ 1970ರ ದಶಕದ ಕೊನೆಯವರೆಗೂ ಸಿದ್ಧ ಉಡುಪಿನ ಉದ್ಯಮವೆಂಬುದು ಇಲ್ಲವೆನ್ನುವಷ್ಟು ಅಲ್ಪವಾಗಿತ್ತು. ಕೊರಿಯಾದ ಉಡುಪಿಗೆ ಸಿರಿವಂತ ದೇಶಗಳು ಮಿತಿಯನ್ನು ಕಟ್ಟಿದುದರಿಂದ, ದೇವೂ ಎಂಬ ಕೊರಿಯಾದ ಸಂಸ್ಥೆಯು ಮಿತಿಯಿಲ್ಲದ ನಾಡನ್ನು ಹುಡುಕುತ್ತ ಅಲ್ಲಿಗೆ ಬಂದಿತು. ದೇಶ್ ಎಂಬ ಅಲ್ಲಿಯ ಸಂಸ್ಥೆಯೊಡನೆ ಒಪ್ಪಂದವಾಗಿ, 1979ರಲ್ಲಿ ಸುಮಾರು 130 ಮಂದಿ ಕೊರಿಯಾಕ್ಕೆ ಹೋಗಿ, ಹೊಲಿಯುವುದನ್ನು ಮಾತ್ರವಲ್ಲ, ಕತ್ತರಿಸುವುದು, ಲೆಕ್ಕ ಇಡುವುದು, ಕೊಳ್ಳುವವನೊಡನೆ ಪತ್ರವ್ಯವಹಾರ ಮಾಡುವುದು ಎಲ್ಲವನ್ನೂ ಕಲಿತು ಬಂದರು. ಕೆಲವೇ ವರ್ಷಗಳಲ್ಲಿ ಆ ಒಪ್ಪಂದ ಮುರಿಯಿತು. ಆದರೆ ಕಲಿತು ಬಂದವರಲ್ಲಿ ಬಹುಮಂದಿ ಹೊರಬಿದ್ದು ತಮ್ಮ ತಮ್ಮ ಕಾರ್ಖಾನೆಗಳನ್ನು ಹೂಡಿದರು, ಇಲ್ಲವೆ ಇತರರ ಕಾರ್ಖಾನೆಗಳನ್ನು ನಡೆಸಿದರು. ಇಂದು ಉಡುಪಿನ ರಫ್ತಿನಲ್ಲಿ ಬಾಂಗ್ಲಾದೇಶವು ಲೋಕದ ಮುಂಚೂಣಿಯಲ್ಲಿದೆ. ಪರರ ಕಾರ್ಖಾನೆ ಹೋದರೂ ವಿದ್ಯೆಯು ಅಲ್ಲಿಯೇ ಉಳಿಯಿತು.

ಇದನ್ನು ಕೇಳಿ ಹುಡುಗಿಯ ಕಣ್ಣು ಅರಳಿತು. ಆದರೆ ಆ ದೇಶದಲ್ಲಿಯೇ 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಎಂಬ ಕಟ್ಟಡವು ಕುಸಿದು, ಒಳಗೆ ಹೊಲಿಯುತ್ತಿದ್ದ 1,100ಕ್ಕೂ ಹೆಚ್ಚು ಮಂದಿ ಸತ್ತರೆಂಬುದನ್ನೂ ಹೇಳದೆ ಬಿಡುವುದು ಅಧರ್ಮವಾಗುತ್ತಿತ್ತು. ಗೋಡೆ ಬಿರಿದಿದೆಯೆಂದು ಹಿಂದಿನ ದಿನವೇ ತಿಳಿದಿತ್ತು. ಆದರೂ ಅವರನ್ನು ಒಳಗೆ ಕರೆದರು. ಅಷ್ಟು ದೂರವೇಕೆ? ನಮ್ಮ ನರಸಾಪುರದಲ್ಲಿ 2020ರ ಡಿಸೆಂಬರಿನಲ್ಲಿ ವೇತನ ಸರಿಯಾಗಿ ಬರಲಿಲ್ಲವೆಂದು ಕೆಲಸಗಾರರು ರೊಚ್ಚಿಗೆದ್ದು ಗಾಜುಗಳನ್ನು ಒಡೆದರು. ಒಡೆದದ್ದು ತಪ್ಪು. ಆದರೆ ಕಾರ್ಮಿಕ ಇಲಾಖೆಯವರು ವಿಚಾರಿಸಿದಾಗ ಕಾನೂನಿನ ಉಲ್ಲಂಘನೆಗಳು ಕಂಡುಬಂದುವು. ಆಪಲ್ ಸಂಸ್ಥೆಯೂ ಆ ಕಾರ್ಖಾನೆಗೆ ಕೆಲಕಾಲ ಹೊಸ ಕೆಲಸವನ್ನು ಕೊಡದೆ ನಿಲ್ಲಿಸಿತು. ಗುತ್ತಿಗೆದಾರರ ಮೂಲಕ ಸೇರಿದ ಸಾವಿರಾರು ಮಂದಿಗೆ ತಮ್ಮ ಯಜಮಾನರು ಯಾರೆಂಬುದೇ ಸ್ಪಷ್ಟವಾಗಿರಲಿಲ್ಲ.

ಸಂಸ್ಕೃತದಲ್ಲಿ ಯೋಗಕ್ಷೇಮವೆಂದು ಒಂದು ಮಾತುಂಟು. ನಾವು ಕಾಗದದ ತಲೆಯಲ್ಲಿ ಬರೆದು ಅದನ್ನು ಸವೆಯಿಸಿಬಿಟ್ಟಿದ್ದೇವೆ. ಇಲ್ಲದ್ದು ದೊರೆಯುವುದು ಯೋಗ. ದೊರೆತದ್ದನ್ನು ಕಾಯ್ದುಕೊಳ್ಳುವುದು ಕ್ಷೇಮ. ನಮ್ಮ ಸರಕಾರಗಳು ಯೋಗಕ್ಕಾಗಿ ಬಹಳ ಓಡಾಡುತ್ತವೆ: ನೆಲ, ನೀರು, ವಿದ್ಯುತ್ತು, ತೆರಿಗೆಯ ರಿಯಾಯಿತಿ. ಕ್ಷೇಮದ ಮಾತು ಬಂದಾಗ ಅಷ್ಟೊಂದು ಉತ್ಸಾಹ ನನಗೆ ಕಾಣುವುದಿಲ್ಲ. 2025ರಲ್ಲಿ ನಮ್ಮ ದೇಶದ ಫೋನು ಕಾರ್ಖಾನೆಗಳಿಂದ ಚೀನದ ನೂರಾರು ಇಂಜಿನಿಯರರನ್ನು ಹಿಂದಕ್ಕೆ ಕರೆಯಿಸಿಕೊಂಡರೆಂದು ಪತ್ರಿಕೆಗಳಲ್ಲಿ ಬಂದಿತು. ಯಂತ್ರ ಇಲ್ಲಿದ್ದು, ಯಂತ್ರವನ್ನು ಬಲ್ಲವನು ಅಲ್ಲಿಯವನಾಗಿದ್ದರೆ, ಕಾರ್ಖಾನೆಯು ಇನ್ನೂ ಅರ್ಧ ಹಡಗಿನಲ್ಲಿಯೇ ಇದೆಯೆಂದು ತಿಳಿಯಬೇಕು.

“ಹಾಗಾದರೆ ಕಳಿಸಲೋ ಬೇಡವೋ ಮಾಸ್ತರೇ? ಒಂದು ಮಾತು ಹೇಳಿ” ಎಂದನು ಶಿಷ್ಯ.

ಕಳುಹಿಸು ಎಂದೆನು. ಆದರೆ ಕಳುಹಿಸುವ ಮೊದಲು ಆ ಕಾಗದವನ್ನು ಮತ್ತೊಮ್ಮೆ ಓದು. ಅದರ ಕೆಳಗೆ ಸಹಿ ಮಾಡಿದವನು ಕಾರ್ಖಾನೆಯವನೋ ನಡುವಣ ಗುತ್ತಿಗೆದಾರನೋ? ತಿಂಗಳ ಕೊನೆಗೆ ಸಂಬಳದ ಚೀಟಿ ಕೈಗೆ ಬರುವುದೋ? ಭವಿಷ್ಯನಿಧಿಯಲ್ಲಿ ಅವಳ ಹೆಸರಿನ ಸಂಖ್ಯೆ, ಇ.ಎಸ್.ಐ. ಚೀಟಿ, ಇವುಗಳನ್ನು ಮೊದಲ ತಿಂಗಳೇ ಕೇಳಿ ಬರೆದಿಟ್ಟುಕೊಳ್ಳಲಿ. ಕೇಳುವುದು ಹಕ್ಕು, ಭಿಕ್ಷೆಯಲ್ಲ. ರಾತ್ರಿಯ ಪಾಳಿಯ ಬಸ್ಸು ವಸತಿಗೃಹದ ಬಾಗಿಲವರೆಗೆ ಬರುವುದೋ ಹೆದ್ದಾರಿಯಲ್ಲಿ ಇಳಿಸುವುದೋ, ಇದನ್ನು ನೀನೇ ಒಮ್ಮೆ ಹೋಗಿ ಕಣ್ಣಾರೆ ನೋಡಿ ಬಾ. ಸಂಬಳದಲ್ಲಿ ಮನೆಗೆ ಕಳುಹಿಸುವುದೆಷ್ಟು ಎಂದು ನೀನು ಗೊತ್ತುಮಾಡಬೇಡ; ಅದರಲ್ಲಿ ಒಂದು ಪಾಲು ಅವಳ ಮುಂದಿನ ಓದಿಗೆ ಮೀಸಲಿರಲಿ. ಸಾಯಂಕಾಲದ ಡಿಪ್ಲೊಮಾ ತರಗತಿಯೋ ಅಂಚೆಯ ಮೂಲಕ ಪದವಿಯೋ, ಏನಾದರೂ ಸರಿ.

ಅನಂತರ ಹುಡುಗಿಯ ಕಡೆಗೆ ತಿರುಗಿ, “ತಂಗೀ, ನಿನಗೆ ಒಂದೇ ಕೆಲಸ ಕೊಡುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಅದೇ. ಅದನ್ನು ಚೆನ್ನಾಗಿ ಮಾಡು. ಆದರೆ ನಿನ್ನ ಎಡಗಡೆಯವಳು ಏನು ಮಾಡುತ್ತಾಳೆ, ಬಲಗಡೆಯವಳು ಏನು ಮಾಡುತ್ತಾಳೆ, ಯಂತ್ರ ನಿಂತಾಗ ಯಾರು ಬರುತ್ತಾರೆ, ಬಂದವನು ಮೊದಲು ಏನನ್ನು ಮುಟ್ಟಿ ನೋಡುತ್ತಾನೆ, ಇದನ್ನು ಗಮನಿಸು. ನಿನ್ನ ಅಜ್ಜಿ ಬೀಜ ಒಡೆಯುವುದನ್ನು ಯಾರೂ ಹಲಗೆಯ ಮೇಲೆ ಬರೆದು ಕಲಿಸಲಿಲ್ಲ” ಎಂದೆನು.

“ಕಾರ್ಖಾನೆ ಹೋಗುವುದಿಲ್ಲವೆಂದು ಮಾತ್ರ ನೀವು ಹೇಳಲಿಲ್ಲ ಮಾಸ್ತರೇ” ಎಂದು ತಂದೆ ಮತ್ತೆ ಅದನ್ನೇ ಹಿಡಿದನು.

ಆಗ ಆ ಹುಡುಗಿ, ಮೊದಲ ಬಾರಿಗೆ ಬಾಯಿತೆರೆದು, “ಅಪ್ಪಾ, ನೀನು ದೋಣಿ ಇಳಿಸುವಾಗ ಕಡಲಿನ ಹತ್ತಿರ ಮಾತು ತೆಗೆದುಕೊಂಡು ಹೋಗುತ್ತೀಯಾ?” ಎಂದಳು. ನಾವೆಲ್ಲರೂ ನಕ್ಕೆವು, ಅವನು ಮಾತ್ರ ಸ್ವಲ್ಪ ತಡವಾಗಿ ನಕ್ಕನು.

ಮುಂದಿನ ವಾರ ಅವನು ಮೊದಲು ತಾನೊಬ್ಬನೇ ಹೋಗಿ, ವಸತಿಗೃಹವನ್ನೂ ಬಸ್ಸು ನಿಲ್ಲುವ ಸ್ಥಳವನ್ನೂ ನೋಡಿ ಬಂದನು. ಆಮೇಲೆ ಭಟ್ಕಳದ ನಿಲ್ದಾಣದಿಂದ ರಾತ್ರಿಯ ರೈಲಿನಲ್ಲಿ ಮಗಳು ಹೊರಟಳು. ಅಜ್ಜಿಯು ತನ್ನ ಹಿತ್ತಿಲಿನ ಗೇರುಬೀಜವನ್ನು ತಾನೇ ಸುಟ್ಟು, ಒಡೆದು, ಒಂದು ಡಬ್ಬಿ ತುಂಬಿಸಿ ಕೊಟ್ಟಿದ್ದಳಂತೆ. ಒಂದು ಬೀಜವೂ ಮುರಿದಿರಲಿಲ್ಲವಂತೆ.

ಹತ್ತು ದಿನಗಳ ಮೇಲೆ ನನಗೆ ಅವಳ ಫೋನು ಬಂದಿತು. ತರಬೇತಿ ನಡೆಯುತ್ತಿದೆ, ಊಟ ಪರವಾಗಿಲ್ಲ, ಸಾರಿಗೆ ಮಾತ್ರ ಹುಳಿಯಿಲ್ಲ, ಎಂದಳು. ಸಂಬಳದ ಚೀಟಿಯ ಸಂಗತಿಯನ್ನು ಮೊದಲ ದಿನವೇ ಕೇಳಿದ್ದಳಂತೆ. ರಾತ್ರಿ ಕೋಣೆಗೆ ಬಂದ ಮೇಲೆ, ಅಂದು ನೋಡಿದುದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಡುತ್ತಿದ್ದಾಳೆ.

“ಮಾಸ್ತರೇ, ಸ್ಕ್ರೂ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?” ಎಂದು ಕೇಳಿದಳು.

“ತಿರುಪುಮೊಳೆ” ಎಂದೆನು, ಸ್ವಲ್ಪ ಹೆಮ್ಮೆಯಿಂದಲೇ.

ಆ ಕಡೆಯಿಂದ ಒಂದು ಕ್ಷಣ ಮಾತಿಲ್ಲ. “ಇಲ್ಲಿ ಒಂದೊಂದು ಫೋನಿನಲ್ಲಿ ಎಷ್ಟು ಬಗೆಯವು ಇವೆ ಗೊತ್ತೇ ಮಾಸ್ತರೇ? ಎಲ್ಲಕ್ಕೂ ಅಷ್ಟುದ್ದ ಬರೆಯುತ್ತ ಕುಳಿತರೆ ನಿದ್ದೆಯಾಗುವುದಿಲ್ಲ. ಸ್ಕ್ರೂ ಎಂದೇ ಬರೆದುಕೊಳ್ಳುತ್ತೇನೆ” ಎಂದಳು.

ಹಾಗೆಯೇ ಬರೆದುಕೋ ಎಂದೆನು.